ಇನ್‌ಸ್ಟಾಲ್‌ಗೆ ಇಪ್ಪತ್ತು ನಿಮಿಷ, ಕನ್ನಡಕ್ಕೆ ಎರಡು ತಿಂಗಳು

ನಮ್ಮ ಮನೆಯ ಲ್ಯಾಪ್‌ಟಾಪ್ 2018ರದು. ಚೀಟಿ ಎತ್ತಿದ ದುಡ್ಡಿನಲ್ಲಿ 27 ಸಾವಿರ ಕೊಟ್ಟು ಶಿವಮೊಗ್ಗದಿಂದ ತಂದಿದ್ದೆ. ಇಂಟೆಲ್‌ನ ಕೋರ್ ಐ3, ಅದರಲ್ಲೂ 6006ಯು ಎಂಬ ಆರನೇ ತಲೆಮಾರಿನ ಪ್ರೊಸೆಸರ್, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ಪಕ್ಕದಲ್ಲೊಂದು ಡಿವಿಡಿ ಡ್ರೈವ್. ಆಗ ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಕೇಳಿಕೊಂಡು ಹೋದವರಿಗೆ ಅಂಗಡಿಯವರು ಹೆಚ್ಚುಕಮ್ಮಿ ಇಂಥದನ್ನೇ ತೋರಿಸುತ್ತಿದ್ದರು. ನಾನು ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಪಾಠಯೋಜನೆ, ವಾರ್ಷಿಕೋತ್ಸವದ ವರದಿ, ಊರಿನವರು ಬಂದು ಬರೆಸಿಕೊಳ್ಳುವ ಅರ್ಜಿಗಳು, ಕೋವಿಡ್ ಕಾಲದ ಆನ್‌ಲೈನ್ ಪಾಠ, ಎಲ್ಲವೂ ಇದರಲ್ಲೇ ಆಗಿದೆ.

ಮೂರು ವರ್ಷಗಳಿಂದ ಅದು ನಿಧಾನವಾಗುತ್ತಾ ಬಂತು. ಸ್ವಿಚ್ ಒತ್ತಿ ಒಲೆಯ ಮೇಲೆ ಹಾಲಿಟ್ಟರೆ, ಹಾಲು ಉಕ್ಕಿ ಬರುವ ಹೊತ್ತಿಗೂ ಡೆಸ್ಕ್‌ಟಾಪ್ ಪೂರ್ತಿ ಬಂದಿರುತ್ತಿರಲಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಎಂಬಲ್ಲಿ ನೂರಕ್ಕೆ ನೂರು ಎಂದು ಕೆಂಪಗೆ ಕಾಣುತ್ತಿತ್ತು. ಅಂಕಪಟ್ಟಿ ತುಂಬುವಾಗ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಕಾಯಬೇಕು. ಅಷ್ಟರಲ್ಲಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆ ಎಂಬ ಸೂಚನೆ ಪರದೆಯ ಮೇಲೆ ಬರತೊಡಗಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಬೇಕು. ನಮ್ಮದು ಆರನೆಯದು. ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಪಡೆಯುವ ದಾರಿ ಇತ್ತು, ಆದರೆ ಅದರಿಂದ ಯಂತ್ರದ ವೇಗವೇನೂ ಹೆಚ್ಚುವುದಿಲ್ಲವಲ್ಲ. ಒಂದು ಅಂಗಡಿಯಲ್ಲಿ ವಿಚಾರಿಸಿದೆ. "ಇದನ್ನು ಎಕ್ಸ್‌ಚೇಂಜ್‌ಗೆ ಕೊಡಿ ಮೇಡಂ, ಎರಡು ಸಾವಿರ ಹಿಡಿದುಕೊಳ್ತೇವೆ" ಅಂದರು. ಹೊಸದಕ್ಕೆ ಮೂವತ್ತೆಂಟು ಸಾವಿರ. ಆ ಮಾತು ಕೇಳಿ ನನಗೆ ಸಂಕಟವಾಯಿತು. ಕೀಲಿ ಒಂದೂ ಹೋಗಿಲ್ಲ, ಪರದೆಯಲ್ಲಿ ಒಂದು ಚುಕ್ಕೆ ಕಲೆಯಿಲ್ಲ.

ದೀಪಾವಳಿಗೆ ನನ್ನ ತಮ್ಮನ ಮಗ ಹುಬ್ಬಳ್ಳಿಯಿಂದ ಬಂದ. ಎಂಜಿನಿಯರಿಂಗ್ ಮೂರನೇ ವರ್ಷ. ಅವನು ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ: "ಅತ್ತೆ, ಇದಕ್ಕೆ ಏನೂ ಆಗಿಲ್ಲ. ಡಿಸ್ಕ್ ಹಳತಾಗಿದೆ, ಅಷ್ಟೇ. ಅದರ ಬದಲು ವೇಗವಾದ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಇನ್‌ಸ್ಟಾಲ್ ಮಾಡೋಣ. ಆದರೆ ಮೊದಲು ನೀನು ಇದರಲ್ಲಿ ಏನೇನು ಕೆಲಸ ಮಾಡ್ತೀಯ ಅಂತ ಒಂದು ಹಾಳೆ ಮೇಲೆ ಬರಿ."

ಈ ಕೊನೆಯ ಮಾತು ಬಹಳ ಉಪಯೋಗಕ್ಕೆ ಬಂತು. ಬರೆಯಲು ಕೂತಾಗ ಗೊತ್ತಾಯಿತು, ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಬ್ರೌಸರ್‌ನಲ್ಲೇ ಆಗುತ್ತದೆ. ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್, ಇಮೇಲ್, ಬ್ಯಾಂಕ್, ಪಿಡಿಎಫ್ ಓದುವುದು. ಉಳಿದ ಕಾಲು ಪಾಲು ಕನ್ನಡ ಟೈಪಿಂಗ್. ಆ ಕಾಲು ಪಾಲಿನಲ್ಲಿ ಹನ್ನೆರಡು ವರ್ಷಗಳ ನನ್ನ ಪ್ರಶ್ನೆಪತ್ರಿಕೆಗಳು, ಟಿಪ್ಪಣಿಗಳು, ಕೊನೆಗೆ ಕೈಗೆ ಸಿಕ್ಕ ಲೆಕ್ಕದಲ್ಲಿ ಒಟ್ಟು 312 ಫೈಲ್‌ಗಳಿದ್ದವು. ಒಂದಷ್ಟು ಹಾರ್ಡ್ ಡಿಸ್ಕ್‌ನಲ್ಲಿ, ಒಂದಷ್ಟು ಹಳೆಯ ಸಿಡಿಗಳಲ್ಲಿ. ಅವೆಲ್ಲ ಈಗಿನ ಯೂನಿಕೋಡ್ ಕ್ರಮದಲ್ಲಲ್ಲ, ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪ್ ಮಾಡಿದವು. ಅದರ ಅರ್ಥವೇನು ಎಂಬುದು ನನಗೆ ಆವತ್ತು ಸರಿಯಾಗಿ ಗೊತ್ತಿರಲಿಲ್ಲ.

ಮೊದಲು ಸಿಡಿಗಳ ಕೆಲಸ. ಡಿವಿಡಿ ಡ್ರೈವ್ ತೆಗೆದು ಆ ಜಾಗದಲ್ಲಿ ಹಳೆಯ ಹಾರ್ಡ್ ಡಿಸ್ಕ್ ಕೂರಿಸುವ ಯೋಜನೆ ಇದ್ದುದರಿಂದ, ತೆಗೆಯುವ ಮುಂಚೆಯೇ ಹನ್ನೊಂದು ಸಿಡಿಗಳನ್ನು ಒಂದೊಂದಾಗಿ ಹಾಕಿ ನಕಲು ಮಾಡಿಕೊಂಡೆ. ನಮ್ಮ ಕಡೆ ಮಳೆಗಾಲದಲ್ಲಿ ಪುಸ್ತಕದ ಹೊದಿಕೆಗೇ ಬೂಷ್ಟು ಬರುತ್ತದೆ, ಸಿಡಿಗೆ ಬಾರದಿರುತ್ತದೆಯೇ? ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿದ ಮೇಲೆ ಒಂಬತ್ತು ಓದಿಸಿಕೊಂಡವು. ಎರಡು ಓದಿಸಿಕೊಳ್ಳಲೇ ಇಲ್ಲ. ಅವುಗಳಲ್ಲಿ 2012ರ ಒಂಬತ್ತನೇ ತರಗತಿಯ ಟಿಪ್ಪಣಿಗಳಿದ್ದವು. ನೀವು ಹೀಗೆ ಸಿಡಿಯಲ್ಲಿ ಏನಾದರೂ ಇಟ್ಟುಕೊಂಡಿದ್ದರೆ ಈ ವಾರವೇ ತೆಗೆದು ನೋಡಿ.

ಸಾಮಾನಿನ ಖರ್ಚು: 256 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ 1,950 ರೂಪಾಯಿ, ಬಳಸಿದ 4 ಜಿಬಿ ರ್‍ಯಾಮ್ 1,100, ಡಿವಿಡಿ ಡ್ರೈವ್ ಜಾಗದಲ್ಲಿ ಡಿಸ್ಕ್ ಹಿಡಿದಿಡುವ ಕ್ಯಾಡಿ 350. ಒಟ್ಟು 3,400. ಕ್ಯಾಡಿಯಲ್ಲಿ ಎರಡು ದಪ್ಪ ಇರುತ್ತವೆ, 9.5 ಮಿಲಿಮೀಟರ್ ಮತ್ತು 12.7 ಮಿಲಿಮೀಟರ್. ಅಳೆಯದೆ ತರಿಸಿದ್ದರಿಂದ ಮೊದಲನೆಯದು ಒಳಗೇ ಹೋಗಲಿಲ್ಲ. ಬದಲಾಯಿಸಿ ತರಿಸಲು ಒಂದು ವಾರ ಹಿಡಿಯಿತು.

ಯಂತ್ರ ಬಿಚ್ಚುವಾಗ ಹುಡುಗ ಒಂದು ಒಳ್ಳೆಯ ಉಪಾಯ ಮಾಡಿದ. ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಲ್ಯಾಪ್‌ಟಾಪಿನ ತಳದ ಚಿತ್ರ ಬರೆದು, ತೆಗೆದ ಪ್ರತಿ ಸ್ಕ್ರೂವನ್ನೂ ಅದು ಇದ್ದ ಜಾಗದಲ್ಲೇ ರಟ್ಟಿಗೆ ಚುಚ್ಚಿ ನಿಲ್ಲಿಸಿದ. ಒಟ್ಟು ಹದಿಮೂರು. ಎರಡು ಸ್ಕ್ರೂ ರಬ್ಬರ್ ಪಾದಗಳ ಕೆಳಗೆ ಅಡಗಿದ್ದವು. ಅವನ್ನು ನೋಡದೆ ಎಳೆದಿದ್ದರೆ ತಳದ ಪ್ಲಾಸ್ಟಿಕ್ ಸೀಳುತ್ತಿತ್ತು. ಒಳಗೆ ಫ್ಯಾನಿನ ಬಾಯಿಗೆ ಏಳು ವರ್ಷದ ಧೂಳು ಕಂಬಳಿಯ ಹಾಗೆ ಕೂತಿತ್ತು. ಹಳೆಯ ಬಣ್ಣದ ಬ್ರಷ್ಷಿನಿಂದ ಅದನ್ನು ತೆಗೆದೆವು. ಇನ್‌ಸ್ಟಾಲ್ ಮಾಡುವಾಗ ಹಳೆಯ ಡಿಸ್ಕ್ ಯಂತ್ರದಲ್ಲಿ ಇರಲೇಬಾರದು ಎಂಬುದು ಅವನ ಹಟ. "ಒಂದೇ ಡಿಸ್ಕ್ ಇದ್ದರೆ ತಪ್ಪಿ ನಿನ್ನ ಫೈಲ್ ಅಳಿಸುವ ಪ್ರಶ್ನೆಯೇ ಇಲ್ಲ ಅತ್ತೆ." ಹಾಗೆಯೇ ಮಾಡಿದೆವು. ಲಿನಕ್ಸ್ ಹಾಕಬೇಕೆಂದಿರುವ ಯಾರಿಗಾದರೂ ನಾನು ಮೊದಲು ಹೇಳುವ ಮಾತು ಇದೇ.

ಲಿನಕ್ಸ್‌ನಲ್ಲಿ ಬಗೆಬಗೆಯ ವಿತರಣೆಗಳಿವೆ, ಅಂದರೆ ಬೇರೆ ಬೇರೆಯವರು ಜೋಡಿಸಿ ಕೊಡುವ ರೂಪಗಳು. ಅವನು ಆರಿಸಿದ್ದು ಲಿನಕ್ಸ್ ಮಿಂಟ್. ಉಬುಂಟು ಎಂಬ ಇನ್ನೊಂದು ವಿತರಣೆಯನ್ನು ಆಧರಿಸಿ 2006ರಿಂದ ಬರುತ್ತಿರುವುದು. ಅದರಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂದು ಮೂರು ರೂಪ. ಕಡಿಮೆ ರ್‍ಯಾಮ್ ಇರುವ ಯಂತ್ರಕ್ಕೆ ಮೂರನೆಯದು ಹಗುರ. ನಾವು ಹಾಕಿದ 22ನೇ ಸಾಲಿನ ಆವೃತ್ತಿಗಳಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಹನ್ನೊಂದು ವರ್ಷ ಬಾಳಿದ ಲ್ಯಾಪ್‌ಟಾಪ್ ಅನ್ನಿಸಿಕೊಳ್ಳುವಷ್ಟು ಕಾಲ.

ಡೌನ್‌ಲೋಡ್ ಸುಮಾರು 3 ಜಿಬಿ. ನಮ್ಮೂರಲ್ಲಿ ಸಿಗ್ನಲ್ ಹಿಡಿಯುವುದು ಅಂಗಳದ ತುಳಸಿಕಟ್ಟೆಯ ಹತ್ತಿರ ಮಾತ್ರ. ಫೋನನ್ನು ಅಲ್ಲಿ ಹಾಟ್‌ಸ್ಪಾಟ್ ಮಾಡಿಟ್ಟು, ಮನೆಯ ಇನ್ನೊಂದು ಕಂಪ್ಯೂಟರಿಗೆ ರಾತ್ರಿಯಿಡೀ ಇಳಿಸಿದೆವು. ಬೆಳಿಗ್ಗೆ ಫೈಲ್ ಬಂದಿತ್ತು. ಪೆನ್ ಡ್ರೈವ್‌ಗೆ ಹಾಕೋಣ ಅಂದೆ. ಹುಡುಗ ಬಿಡಲಿಲ್ಲ. ಮಿಂಟ್‌ನವರು ಪ್ರತಿ ಫೈಲ್‌ಗೂ 64 ಅಕ್ಷರಗಳ ಒಂದು ತಾಳೆ ಸಂಖ್ಯೆ ಕೊಟ್ಟಿರುತ್ತಾರೆ. ನಮ್ಮಲ್ಲಿಗೆ ಬಂದ ಫೈಲ್‌ನಿಂದ ಅದೇ ಲೆಕ್ಕ ತೆಗೆದರೆ ಅದೇ 64 ಅಕ್ಷರ ಬರಬೇಕು. ಒಂದು ಬಿಟ್ ವ್ಯತ್ಯಾಸವಾದರೂ ಪೂರ್ತಿ ಬೇರೆ ಬರುತ್ತದೆ. ಅವನು ಒಂದು ಪರದೆಯಿಂದ ಓದಿದ, ನಾನು ಇನ್ನೊಂದರಲ್ಲಿ ಬೆರಳಿಟ್ಟು ನೋಡಿದೆ. ಮೊದಲ ಅಕ್ಷರದಲ್ಲೇ ಹೊಂದಲಿಲ್ಲ. ರಾತ್ರಿ ಎಲ್ಲೋ ಸಿಗ್ನಲ್ ಕಡಿದು ಫೈಲ್ ಕೆಟ್ಟಿತ್ತು. ಎರಡನೇ ಸಲ ಟೊರೆಂಟ್ ಮೂಲಕ ಇಳಿಸಿದೆವು. ಅದು ತುಂಡು ತುಂಡಾಗಿ ತರಿಸಿ ಪ್ರತಿ ತುಂಡನ್ನೂ ತಾಳೆ ನೋಡುತ್ತದೆ, ಕಡಿದಲ್ಲಿಂದಲೇ ಮುಂದುವರಿಯುತ್ತದೆ. ಈ ಸಲ 64ಕ್ಕೆ 64 ಹೊಂದಿತು. ಹಳ್ಳಿಯ ನೆಟ್‌ವರ್ಕ್‌ನಲ್ಲಿ ಇರುವವರು ಈ ಹಂತ ಬಿಡಬೇಡಿ. ಕೆಟ್ಟ ಫೈಲ್‌ನಿಂದ ಇನ್‌ಸ್ಟಾಲ್ ಅರ್ಧಕ್ಕೆ ನಿಂತರೆ, ತಪ್ಪು ಯಂತ್ರದ್ದೋ ನಮ್ಮದೋ ಎಂದು ಗೊತ್ತಾಗದೆ ಇಡೀ ದಿನ ಹಾಳಾಗುತ್ತದೆ.

ಆಮೇಲಿನದು ಬೇಗ ಮುಗಿಯಿತು. ಪೆನ್ ಡ್ರೈವ್‌ಗೆ ಬರೆಸಿ (ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ, ಖಾಲಿಯದನ್ನೇ ಬಳಸಿ), ಆನ್ ಮಾಡುತ್ತಿದ್ದಂತೆ ಎಫ್12 ಒತ್ತಿ, ಪೆನ್ ಡ್ರೈವ್ ಆರಿಸಿದರೆ ಮಿಂಟ್ ಏನನ್ನೂ ಇನ್‌ಸ್ಟಾಲ್ ಮಾಡದೆಯೇ ತೆರೆದುಕೊಳ್ಳುತ್ತದೆ. ಇದಕ್ಕೆ ಲೈವ್ ಅನ್ನುತ್ತಾರೆ. ಧ್ವನಿ, ಕ್ಯಾಮೆರಾ, ಪರದೆಯ ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ, ಟಚ್‌ಪ್ಯಾಡ್, ಎಲ್ಲವನ್ನೂ ಅಲ್ಲೇ ಪರೀಕ್ಷಿಸಿದೆವು. ಎಲ್ಲವೂ ಕೆಲಸ ಮಾಡಿದವು, ವೈಫೈ ಒಂದು ಬಿಟ್ಟು. ಇನ್‌ಸ್ಟಾಲ್‌ನಲ್ಲಿ ಭಾಷೆ ಕೇಳುವಾಗ ಪಟ್ಟಿಯಲ್ಲಿ ಕನ್ನಡ ನೋಡಿ ಬಹಳ ಖುಷಿಯಾಯಿತು. ಆರಿಸಿಯೂ ನೋಡಿದೆ. ಆದರೆ ಅನುವಾದ ಎಲ್ಲ ಕಡೆ ಆಗಿಲ್ಲ, ಒಂದು ಸಾಲು ಕನ್ನಡ, ಮುಂದಿನದು ಇಂಗ್ಲಿಷ್. ಸಿಸ್ಟಮ್ ಅನ್ನು ಇಂಗ್ಲಿಷಿನಲ್ಲೇ ಇಟ್ಟು, ಫೈರ್‌ಫಾಕ್ಸ್ ಅನ್ನು ಕನ್ನಡಕ್ಕೆ ಬದಲಾಯಿಸಿಕೊಂಡೆ. ಉಳಿದ ಅನುವಾದವನ್ನು ನಮ್ಮಂಥವರೇ ಕೂತು ಮಾಡಬೇಕಾದದ್ದು. ಬೇಸಿಗೆ ರಜೆಯಲ್ಲಿ ಆ ಕೆಲಸಕ್ಕೆ ಕೈಹಾಕಬೇಕೆಂದಿದ್ದೇನೆ.

ಗಡಿಯಾರ ನೋಡಿದ್ದೆ. ಇನ್‌ಸ್ಟಾಲ್ ಮುಗಿಯಲು ಇಪ್ಪತ್ತು ನಿಮಿಷ. ರೀಸ್ಟಾರ್ಟ್ ಮಾಡಿದರೆ 25 ಸೆಕೆಂಡಿನಲ್ಲಿ ಡೆಸ್ಕ್‌ಟಾಪ್ ಬಂತು. ಅದೇ ಯಂತ್ರ! ಮೂರು ಸಲ ಆಫ್ ಮಾಡಿ ಆನ್ ಮಾಡಿ ನೋಡಿದೆ.

ವೈಫೈಗೆ ಹುಡುಗ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದ. ಲಿನಕ್ಸ್ ಅದನ್ನು ತಂತಿಯ ಇಂಟರ್ನೆಟ್ ಎಂದೇ ತಿಳಿದು ತಕ್ಷಣ ಹಿಡಿಯಿತು. ನಂತರ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದರೆ ಅದು ತಾನಾಗಿ ವೈಫೈ ಚಿಪ್‌ಗೆ ಬೇಕಾದ ಡ್ರೈವರ್ ಹೆಸರು ತೋರಿಸಿತು. ಆರಿಸಿ, ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್. ಅಷ್ಟೇ. ಮರುದಿನ ಅವನು ಹುಬ್ಬಳ್ಳಿಗೆ ಹೋದ. ಕನ್ನಡದ ಕೆಲಸ ನನಗೆ ಉಳಿಯಿತು.

ಮೊದಲು ಟೈಪಿಂಗ್. ನನ್ನ ಬೆರಳುಗಳಿಗೆ ಗೊತ್ತಿರುವುದು ನುಡಿ ಎಂಬ ಕನ್ನಡ ತಂತ್ರಾಂಶದ ಕೀಲಿಮಣೆ. ಕೆ.ಪಿ. ರಾವ್ ಅವರ ವಿನ್ಯಾಸದ ಆಧಾರದ ಮೇಲೆ ರೂಪುಗೊಂಡದ್ದು, ಕರ್ನಾಟಕ ಸರ್ಕಾರ ಒಪ್ಪಿದ್ದು. ಲಿನಕ್ಸ್‌ನಲ್ಲಿ ನುಡಿ ಎಂಬ ಹೆಸರಿನಿಂದ ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಅದರ ಹೆಸರು ಕೆಜಿಪಿ, ಅಂದರೆ ಕನ್ನಡ ಗಣಕ ಪರಿಷತ್ತು. ಐಬಸ್ ಎಂಬ ತಂತ್ರಾಂಶ ಮತ್ತು ಅದಕ್ಕೆ ಎಂ17ಎನ್ ಎಂಬ ಜೋಡಿ ಪ್ಯಾಕೇಜ್, ಎರಡನ್ನೂ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಹಾಕಿಕೊಂಡು, ಐಬಸ್‌ನ ಆಯ್ಕೆಗಳಲ್ಲಿ ಕನ್ನಡದ ಕೆಳಗೆ ಕೆಜಿಪಿ ಸೇರಿಸಬೇಕು. ಸೇರಿಸಿದೆ. ಟೈಪ್ ಮಾಡಿದೆ. ಇಂಗ್ಲಿಷೇ ಬಂತು. ತೆಗೆದೆ, ಮತ್ತೆ ಸೇರಿಸಿದೆ. ಮಧ್ಯಾಹ್ನದವರೆಗೆ ಇದೇ ಆಯಿತು. ಕೊನೆಗೆ ಫೋನ್ ಮಾಡಿದರೆ ಹುಡುಗ ಒಂದೇ ಪ್ರಶ್ನೆ ಕೇಳಿದ: "ಲಾಗ್ ಔಟ್ ಮಾಡಿ ಬಂದೆಯಾ ಅತ್ತೆ?" ಮಾಡಿರಲಿಲ್ಲ. ಒಮ್ಮೆ ಲಾಗ್ ಔಟ್ ಆಗಿ ಬಂದ ಮೇಲೆಯೇ ಹೊಸ ಇನ್‌ಪುಟ್ ಕ್ರಮ ಎಲ್ಲ ತಂತ್ರಾಂಶಗಳಿಗೂ ತಿಳಿಯುವುದು. ಬಂದೆ. ಸೂಪರ್ ಕೀಲಿ (ವಿಂಡೋಸ್ ಗುರುತು ಇರುವುದು) ಹಿಡಿದು ಸ್ಪೇಸ್ ಒತ್ತಿದೆ. ಕೆ, ಎನ್, ಎಫ್, ಎನ್, ಡಬ್ಲ್ಯೂ. ಪರದೆಯ ಮೇಲೆ "ಕನ್ನಡ" ಎಂದು ಮೂಡಿತು. ಎಫ್ ಒತ್ತಿದಾಗ ಒತ್ತಕ್ಷರ ಬರುವ ಆ ಹಳೆಯ ಅಭ್ಯಾಸ, ಒಂದು ಕೀಲಿಯೂ ಆಚೀಚೆಯಾಗದೆ, ಹೊಸ ಮನೆಯಲ್ಲಿ ಸಿಕ್ಕಿತು. ಕಣ್ಣು ತುಂಬಿ ಬಂತು ಅಂದರೆ ಸುಳ್ಳಲ್ಲ.

ಫಾಂಟ್‌ಗಳದು ಸುಲಭ. ನೋಟೊ ಕನ್ನಡ, ಲೋಹಿತ್ ಕನ್ನಡ, ಗುಬ್ಬಿ, ನವಿಲು, ಎಲ್ಲವೂ ಮುಕ್ತ ಫಾಂಟ್‌ಗಳು, ಎಲ್ಲವೂ ಸಿಗುತ್ತವೆ. ಮನೆಯಲ್ಲಿ ಟಿಪ್ಪಣಿಗೆ ನವಿಲು ಇಟ್ಟುಕೊಂಡಿದ್ದೇನೆ, ಮಕ್ಕಳಿಗೆ ಕೊಡುವ ಪತ್ರಿಕೆಗೆ ನೋಟೊ. ವರ್ಡ್‌ನ ಜಾಗದಲ್ಲಿ ಬಳಸುವ ಲಿಬ್ರೆ ಆಫೀಸ್‌ನಲ್ಲಿ ಒಂದು ವಿಷಯ ತಿಳಿದಿರಬೇಕು. ಅದು ಇಂಗ್ಲಿಷ್ ಅಕ್ಷರಕ್ಕೂ ಭಾರತೀಯ ಲಿಪಿಗಳಿಗೂ ಬೇರೆ ಬೇರೆ ಫಾಂಟ್, ಬೇರೆ ಬೇರೆ ಗಾತ್ರ ಇಟ್ಟುಕೊಳ್ಳುತ್ತದೆ. ಟೂಲ್ಸ್‌ನ ಆಪ್ಷನ್ಸ್‌ನಲ್ಲಿ, ಭಾಷೆಯ ವಿಭಾಗದಲ್ಲಿ, ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬಲ್ಲಿ ಗುರುತು ಹಾಕಿ ಕನ್ನಡ ಆರಿಸಿ, ಫಾಂಟನ್ನೂ ಅದೇ ಆಪ್ಷನ್ಸ್‌ನ ರೈಟರ್ ವಿಭಾಗದಲ್ಲಿ ಒಮ್ಮೆ ನಿಗದಿ ಮಾಡಿದರೆ ಮುಂದೆ ಪ್ರತಿ ಹೊಸ ಹಾಳೆಯಲ್ಲೂ ತಡಕಾಡಬೇಕಿಲ್ಲ.

ಇನ್ನು ಆ 312 ಫೈಲ್‌ಗಳು. ಮೊದಲನೆಯದನ್ನು ತೆರೆದಾಗ ಎದೆ ಧಸಕ್ಕೆಂದಿತು. ಪ್ರಶ್ನೆಪತ್ರಿಕೆಯ ಜಾಗದಲ್ಲಿ ತಲೆಯ ಮೇಲೆ ಚುಕ್ಕೆ, ಕೊಂಬು, ಬಾಲ ಇರುವ ಇಂಗ್ಲಿಷ್ ಅಕ್ಷರಗಳ ರಾಶಿ. ಫೈಲ್ ಕೆಟ್ಟಿದೆಯೆಂದು ತಿಳಿದು ಎರಡನೆಯದು, ಮೂರನೆಯದು ತೆರೆದೆ. ಎಲ್ಲವೂ ಹಾಗೇ. ಆಮೇಲೆ ಓದಿಕೊಂಡು ಅರ್ಥಮಾಡಿಕೊಂಡೆ. ಹಳೆಯ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ ಫಾಂಟ್ ಮಾಡಿ ನಮ್ಮವರು ಕೆಲಸ ಸಾಗಿಸಿದರು. ಬೇರೆ ದಾರಿ ಇಲ್ಲದಾಗ ಅದು ದೊಡ್ಡ ಉಪಕಾರವೇ. ಕರ್ನಾಟಕದ ಕಚೇರಿಗಳು, ಮುದ್ರಣಾಲಯಗಳು ಅದರ ಮೇಲೆಯೇ ನಡೆದವು. ಆದರೆ ಫೈಲ್‌ನೊಳಗೆ ಇರುವುದು ಕನ್ನಡವಲ್ಲ. ಆ ಫಾಂಟ್ ಇದ್ದರೆ ಕನ್ನಡದಂತೆ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ.

1991ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಾನೊಂದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತಿದ್ದೇನೆಂದು ಪ್ರಕಟಿಸಿದ್ದು. ಅದೇ ಲಿನಕ್ಸ್ ಆಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು, ಅದರಲ್ಲೇ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಸಿಕ್ಕಿತ್ತು. ಎರಡೂ ಒಂದೇ ವರ್ಷದ ಕೂಸುಗಳು, ನನ್ನ ಮೇಜಿನ ಮೇಲೆ ಜೊತೆಯಾಗಲು ಮೂವತ್ತನಾಲ್ಕು ವರ್ಷ ಬೇಕಾಯಿತು.

ತಕ್ಷಣದ ಪರಿಹಾರ ಸಿಕ್ಕಿತು. ಹಳೆಯ ಡಿಸ್ಕ್‌ನಲ್ಲಿದ್ದ ಆ ಫಾಂಟ್‌ಗಳನ್ನೇ ನನ್ನ ಹೋಮ್ ಫೋಲ್ಡರ್‌ನಲ್ಲಿ ಫಾಂಟ್‌ಗಳಿಗಾಗಿ ಇರುವ ಜಾಗಕ್ಕೆ ನಕಲು ಮಾಡಿದೆ. ಲಿಬ್ರೆ ಆಫೀಸ್ ಮುಚ್ಚಿ ತೆರೆದರೆ ಪ್ರಶ್ನೆಪತ್ರಿಕೆಗಳು ಹಳೆಯ ಮುಖದಲ್ಲೇ ಕಾಣಿಸಿಕೊಂಡವು. ಓದಬಹುದು, ಪ್ರಿಂಟ್ ತೆಗೆಯಬಹುದು. ಆದರೆ ಒಂದು ಪದ ತಿದ್ದಲು ಹೋದರೆ ನಾನು ಟೈಪ್ ಮಾಡುವುದು ಯೂನಿಕೋಡ್, ಸುತ್ತ ಇರುವುದು ಬೇರೆ. ಹುಡುಕಲೂ ಬರುವುದಿಲ್ಲ. ಫೋನಿಗೆ ಕಳಿಸಿದರೆ ಮತ್ತೆ ಕೊಂಬು ಬಾಲಗಳ ರಾಶಿ. ಹಾಗಾಗಿ ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸುವುದೆಂದು ನಿರ್ಧರಿಸಿದೆ. ಅದಕ್ಕೆಂದೇ ಬ್ರೌಸರ್‌ನಲ್ಲಿ ನಡೆಯುವ ಉಚಿತ ಪರಿವರ್ತಕಗಳಿವೆ. ಹಳೆಯ ಪಠ್ಯವನ್ನು ಒಂದು ಪೆಟ್ಟಿಗೆಗೆ ಹಾಕಿದರೆ ಇನ್ನೊಂದರಲ್ಲಿ ಕನ್ನಡ ಬರುತ್ತದೆ.

ಪೂರ್ತಿ ಸರಿಯಾಗಿ ಬರುತ್ತದೆಯೇ ಅಂದರೆ, ಇಲ್ಲ. ಎರಡು ತಿಂಗಳು ಹಿಡಿದದ್ದು ಇಲ್ಲೇ. ಇಂಗ್ಲಿಷ್ ಪದಗಳು ಮೊದಲ ತೊಡಕು. ಪತ್ರಿಕೆಯ ತಲೆಯಲ್ಲಿ ಇಂಗ್ಲಿಷಿನಲ್ಲಿ ಇದ್ದ ಶಾಲೆಯ ಹೆಸರು ಪರಿವರ್ತಕಕ್ಕೆ ಇಂಗ್ಲಿಷ್ ಎಂದು ಗೊತ್ತಾಗುವುದಿಲ್ಲ. ಅದರ ಪಾಲಿಗೆ ಎಲ್ಲವೂ ಒಂದೇ ಸಂಕೇತ. ಹಾಗಾಗಿ ಆ ಹೆಸರು ಅರ್ಥವಿಲ್ಲದ ಕನ್ನಡವಾಗಿ ಬರುತ್ತದೆ. ಅಂಥ ಸಾಲುಗಳನ್ನು ಬಿಟ್ಟು ನಕಲು ಮಾಡಬೇಕು.

ಎರಡನೆಯದು ಅರ್ಕಾವತ್ತು. ಕನ್ನಡ ಮೇಷ್ಟರಿಗೆ, ಮೇಡಂಗೆ ಇದು ಆಸಕ್ತಿಯ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. "ಕಾರ್ಯ" ಎಂಬ ಪದ ತೆಗೆದುಕೊಳ್ಳಿ. ಕಣ್ಣಿಗೆ ಮೊದಲು ಕಾಣುವುದು ಕಾ, ಆಮೇಲೆ ಯ, ಅದರ ಬಲಕ್ಕೆ ಅರ್ಕಾವತ್ತಿನ ಗುರುತು. ಹಳೆಯ ಫಾಂಟಿನಲ್ಲಿ ಫೈಲ್‌ನೊಳಗೂ ಇದೇ ಕ್ರಮ: ಕಾ, ಯ, ಗುರುತು. ಬಾಯಿಯಲ್ಲಿ ಹೇಳುವ ಕ್ರಮ ಬೇರೆ: ಕಾ, ರ್, ಯ. ಯೂನಿಕೋಡ್ ಇಟ್ಟುಕೊಳ್ಳುವುದು ಬಾಯಿಯ ಕ್ರಮವನ್ನು. ಪರಿವರ್ತಕ ಆ ಗುರುತನ್ನು ಹಿಡಿದು, ಯಕಾರವನ್ನು ದಾಟಿ ಹಿಂದಕ್ಕೆ ಹೋಗಿ, ರ್ ಆಗಿ ಕೂರಿಸಬೇಕು. "ಅರ್ಥ", "ಕಾರ್ಯ" ಇಂಥವು ಸರಿಯಾಗಿ ಬಂದವು. "ಸಾಮರ್ಥ್ಯ" ಎಂಬಲ್ಲಿ ಥ, ಅದಕ್ಕೆ ಯ ಒತ್ತು, ಅದರಾಚೆ ಅರ್ಕಾವತ್ತು. ಮಧ್ಯೆ ನಾನು ಎಂದೋ ತಪ್ಪಿ ಒತ್ತಿದ ಒಂದು ಸ್ಪೇಸ್ ಇದ್ದರಂತೂ ರ್ ಪಕ್ಕದ ಪದಕ್ಕೆ ಹೋಗಿ ಕೂರುತ್ತಿತ್ತು. ದೀರ್ಘದ ಗುರುತೂ ಅಷ್ಟೇ. ಹಳೆಯದರಲ್ಲಿ ಅದು ಬಿಡಿ ಚಿತ್ರ, ಎಲ್ಲಿ ಬೇಕಾದರೂ ಬೀಳುತ್ತದೆ. ಹೀಗಾಗಿ ಪ್ರತಿ ಫೈಲನ್ನೂ ಕರಡು ತಿದ್ದುವ ಹಾಗೆ ಓದಲೇಬೇಕು. ದಿನಕ್ಕೆ ನಾಲ್ಕು, ಐದು. ರಾತ್ರಿ ಊಟವಾದ ಮೇಲೆ ಒಂದು ಗಂಟೆ.

ಛಂದಸ್ಸಿನ ಪ್ರಶ್ನೆಗಳದು ಬೇರೆಯೇ ಕೆಲಸ. ಪ್ರಸ್ತಾರ ಹಾಕುವಾಗ ಅಕ್ಷರದ ನೆತ್ತಿಯ ಮೇಲೆ ಲಘು ಗುರುಗಳ ಗುರುತು ಬರಬೇಕು. ನಾನು ಹಿಂದೆ ಮೇಲಿನ ಸಾಲಿನಲ್ಲಿ ಸ್ಪೇಸ್ ಒತ್ತಿ ಒತ್ತಿ ಗುರುತುಗಳನ್ನು ಅಂದಾಜಿಗೆ ನಿಲ್ಲಿಸಿದ್ದೆ. ಫಾಂಟ್ ಬದಲಾದದ್ದೇ ಭಾಮಿನಿ ಷಟ್ಪದಿಯ ಮಾತ್ರೆಗಳೆಲ್ಲ ಪಕ್ಕದ ಅಕ್ಷರದ ಮೇಲೆ ಹೋಗಿ ಕೂತವು. ಈಗ ಗೆರೆ ಕಾಣದ ಎರಡು ಸಾಲಿನ ಕೋಷ್ಟಕ ಮಾಡುತ್ತೇನೆ. ಕೆಳಗಿನ ಸಾಲಿನ ಒಂದೊಂದು ಮನೆಯಲ್ಲಿ ಒಂದೊಂದು ಅಕ್ಷರ, ಮೇಲಿನ ಮನೆಯಲ್ಲಿ ಅದರ ಗುರುತು. ಮೂರು, ನಾಲ್ಕು ಮಾತ್ರೆಯ ಗಣ ಮುಗಿದಲ್ಲಿ ಕೋಷ್ಟಕದ ಒಂದು ನಿಲುಗೆರೆಯನ್ನು ಮಾತ್ರ ಕಾಣುವಂತೆ ಬಿಡುತ್ತೇನೆ. ಯಾವ ಯಂತ್ರದಲ್ಲಿ ತೆರೆದರೂ ಗಣ ಕದಲುವುದಿಲ್ಲ.

ತರಗತಿಯಲ್ಲೂ ಇದು ಉಪಯೋಗಕ್ಕೆ ಬಂತು. ಒಂಬತ್ತನೆಯವರಿಗೆ ಸಂಯುಕ್ತಾಕ್ಷರ ಮಾಡುವ ದಿನ ಲ್ಯಾಪ್‌ಟಾಪ್ ಒಯ್ದು "ಕಾರ್ಯ" ಟೈಪ್ ಮಾಡಿ ತೋರಿಸಿದೆ. ಆಮೇಲೆ ಬ್ಯಾಕ್‌ಸ್ಪೇಸ್ ಒತ್ತಿದೆ. ಯ ಹೋಯಿತು, ರ್ ಉಳಿಯಿತು. ಇನ್ನೊಮ್ಮೆ ಒತ್ತಿದೆ, ರ್ ಹೋಗಿ ರ ಆಯಿತು. "ಮೇಡಂ, ಅರ್ಕಾವತ್ತು ಹಿಂದಿದ್ದರೂ ರ ಮೊದಲೇ ಇತ್ತು!" ಎಂದು ಹಿಂದಿನ ಬೆಂಚಿನ ಹುಡುಗಿ ಕೂಗಿದಳು. ಇಪ್ಪತ್ತು ವರ್ಷ ಕಪ್ಪುಹಲಗೆಯ ಮೇಲೆ ಹೇಳಿದ್ದನ್ನು ಆ ಎರಡು ಒತ್ತು ಹೇಳಿತು.

ಕೆಲಸಕ್ಕೆ ಅಡ್ಡಬಂದ ಉಳಿದ ಸಂಗತಿಗಳನ್ನೂ ಹೇಳಬೇಕು, ಯಾಕೆಂದರೆ ಎಲ್ಲ ಸಲೀಸು ಅಂದರೆ ನಂಬಿ ಹಾಕಿಕೊಂಡವರು ಬೇಜಾರಾಗುತ್ತಾರೆ. ಹಳೆಯ ಡಿಸ್ಕನ್ನು ಕ್ಯಾಡಿಯಲ್ಲಿ ಕೂರಿಸಿದ ಮೇಲೆ ಅದರ ಫೈಲ್‌ಗಳು ತೆರೆಯುತ್ತಿದ್ದವು, ಆದರೆ ಅದರೊಳಗೆ ಏನನ್ನೂ ಉಳಿಸಲು ಬರುತ್ತಿರಲಿಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಆಯ್ಕೆ ಆನ್ ಇದ್ದರೆ ಶಟ್ ಡೌನ್ ಮಾಡಿದಾಗಲೂ ಅದು ಪೂರ್ತಿ ಮಲಗಿರುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್ ಆ ಡಿಸ್ಕ್ ಮೇಲೆ ಬರೆಯಲು ಒಪ್ಪುವುದಿಲ್ಲ. ಬರೆದರೆ ಕೆಡಬಹುದು ಎಂಬ ಎಚ್ಚರ. ಒಮ್ಮೆ ವಿಂಡೋಸ್‌ಗೆ ಹೋಗಿ ಆ ಆಯ್ಕೆ ತೆಗೆದು ಶಟ್ ಡೌನ್ ಮಾಡಿದ ಮೇಲೆ ಸರಿಯಾಯಿತು. ಹಾಗೆ ಹೋದಾಗ ಅಲ್ಲಿನ ಗಡಿಯಾರ ಐದೂವರೆ ಗಂಟೆ ಹಿಂದಿತ್ತು. ಬೆಳಿಗ್ಗೆ ಹತ್ತೂವರೆಗೆ ಐದು ಗಂಟೆ ತೋರಿಸುತ್ತಿತ್ತು. ಲಿನಕ್ಸ್ ಯಂತ್ರದೊಳಗಿನ ಗಡಿಯಾರವನ್ನು ಗ್ರೀನ್‌ವಿಚ್ ಹೊತ್ತಿಗೆ ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಹೊತ್ತು ಎಂದು ತಿಳಿಯುತ್ತದೆ. ಟರ್ಮಿನಲ್‌ನಲ್ಲಿ ಒಂದು ಸಾಲಿನ ಆದೇಶ ಕೊಟ್ಟು ಸರಿಮಾಡಿಕೊಂಡೆ. ನಾನು ಟರ್ಮಿನಲ್ ಮುಟ್ಟಿದ್ದು ಈವರೆಗೆ ಆ ಒಂದೇ ಸಲ.

ಶಾಲೆಯ ಪ್ರಿಂಟರ್ ಮಾತ್ರ ಒಲಿಯಲಿಲ್ಲ. ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಹಳೆಯ ಚಿಕ್ಕ ಲೇಸರ್ ಪ್ರಿಂಟರ್ ಅದು. ಲಿನಕ್ಸ್ ಡ್ರೈವರ್ ಕೂರಿಸಲು ಎರಡು ಸಂಜೆ ಹೆಣಗಿ ಕೈಬಿಟ್ಟೆ. ಪಿಡಿಎಫ್ ಮಾಡಿ ಶಾಲೆಯ ಕಂಪ್ಯೂಟರಿನಿಂದಲೇ ಪ್ರಿಂಟ್ ತೆಗೆಯುತ್ತೇನೆ. ಮನೆಯ ವೈಫೈ ಪ್ರಿಂಟರನ್ನು ಮಿಂಟ್ ತಾನಾಗಿ ಹುಡುಕಿಕೊಂಡಿತು, ಡ್ರೈವರ್ ಅನ್ನೇ ಕೇಳಲಿಲ್ಲ. ಮುಖ್ಯೋಪಾಧ್ಯಾಯರ ಡಿಜಿಟಲ್ ಸಹಿಯ ಕೆಲಸವೂ ಶಾಲೆಯ ವಿಂಡೋಸ್ ಯಂತ್ರದಲ್ಲೇ ಉಳಿದಿದೆ. ಮೇಲಿನಿಂದ ಬರುವ ವರ್ಡ್ ನಮೂನೆಗಳಲ್ಲಿ ಕೋಷ್ಟಕ ಕೆಲವೊಮ್ಮೆ ಪುಟ ದಾಟುತ್ತದೆ. ತುಂಬಿ ಪಿಡಿಎಫ್ ಮಾಡಿ ಕಳಿಸುವಾಗ ಒಮ್ಮೆ ಕಣ್ಣಾಡಿಸುತ್ತೇನೆ.

ಈಗ ಪರಿವರ್ತನೆಯಾದ ಪಠ್ಯವನ್ನು ವರ್ಷಕ್ಕೊಂದರಂತೆ ಸಾದಾ ಟೆಕ್ಸ್ಟ್ ಫೈಲ್‌ಗಳಲ್ಲೂ ಇಡುತ್ತಿದ್ದೇನೆ. ಸಾದಾ ಟೆಕ್ಸ್ಟ್ ಯಾವ ಯಂತ್ರದಲ್ಲೂ, ಯಾವ ಕಾಲದಲ್ಲೂ ತೆರೆಯುತ್ತದೆ. ಎರಡು ಪ್ರತಿ, ಒಂದು ಪೆನ್ ಡ್ರೈವ್‌ನಲ್ಲಿ, ಒಂದು ತಮ್ಮನ ಮನೆಯಲ್ಲಿ. ಕಳೆದ ಭಾನುವಾರ ಘಟಕ ಪರೀಕ್ಷೆಗೆ ಪತ್ರಿಕೆ ಮಾಡುತ್ತಾ, ಗಾದೆ ವಿಸ್ತರಿಸುವ ಪ್ರಶ್ನೆಗೆ "ಕೈ ಕೆಸರಾದರೆ ಬಾಯಿ ಮೊಸರು" ಎಂದು ಟೈಪ್ ಮಾಡಿದೆ. ಯಾಕೋ ಅನುಮಾನ ಬಂದು ಆ ಟೆಕ್ಸ್ಟ್ ಫೈಲ್‌ಗಳನ್ನು ತೆರೆದು "ಕೆಸರು" ಅಂತಲ್ಲ, "ಕೆಸರಾದರೆ" ಎಂದು ಹುಡುಕಿದೆ. ಒಂಬತ್ತು ಕಡೆ ಸಿಕ್ಕಿತು. ಈಗಾಗಲೇ ಒಂಬತ್ತು ಸಲ ಅದನ್ನೇ ಕೊಟ್ಟಿದ್ದೇನೆ, ಒಂದು ವರ್ಷವಂತೂ ಎರಡು ಸಲ. ಅಳಿಸಿ, ಒಮ್ಮೆಯೂ ಕೊಡದ ಇನ್ನೊಂದು ಗಾದೆ ಹಾಕಿದೆ.

312ರಲ್ಲಿ 247 ಮುಗಿದಿವೆ. ನಾಳೆ 2014ರ ಕಟ್ಟು ತೆಗೆಯಬೇಕು. ಅದರಲ್ಲಿ ಛಂದಸ್ಸಿನವೇ ಆರು ಇವೆ.